ಕಟ್ಟಿದ ವಂತಿಗೆ, ಪಡೆಯದ ಸವಲತ್ತು: ನೌಕರರ ಆರೋಗ್ಯ ವಿಮೆಯನ್ನು ಅರಿತು ಬಳಸುವ ಬಗೆ

ಪ್ರತಿ ತಿಂಗಳ 15ನೇ ತಾರೀಖು ಸಮೀಪಿಸುತ್ತಿದ್ದಂತೆ ನಮ್ಮ ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಕಚೇರಿಗಳಲ್ಲಿ ಇ.ಎಸ್.ಐ. ಚಲನ್ ಸಿದ್ಧವಾಗುತ್ತದೆ. ಹಣ ಪಾವತಿಯಾಯಿತು, ರಸೀದಿ ಕಡತ ಸೇರಿತು, ಅಲ್ಲಿಗೆ ಆ ತಿಂಗಳ ಹೊಣೆ ಮುಗಿಯಿತು ಎಂಬುದು ಸಾಮಾನ್ಯ ಭಾವನೆ. ಆದರೆ ನೌಕರನೊಬ್ಬ ಕಾಯಿಲೆ ಬಿದ್ದಾಗ ಅಥವಾ ಯಂತ್ರಕ್ಕೆ ಕೈ ಸಿಕ್ಕಾಗ ಅದೇ ಮಾಲೀಕರು ಗಲ್ಲಾಪೆಟ್ಟಿಗೆಯಿಂದ ಹಣ ತೆಗೆದು ಖಾಸಗಿ ಆಸ್ಪತ್ರೆಗೆ ಕಟ್ಟುವುದನ್ನು, ನೌಕರನು ಆ ಹಣವನ್ನು ಮುಂಗಡವಾಗಿ ಪಡೆದು ವರ್ಷಗಟ್ಟಲೆ ಸಂಬಳದಲ್ಲಿ ತೀರಿಸುವುದನ್ನು ಲೆಕ್ಕಪತ್ರಗಳಲ್ಲಿ ಕಾಣುತ್ತೇವೆ. ಒಂದೇ ಖರ್ಚಿಗೆ ಎರಡು ಬಾರಿ ಹಣ ತೆತ್ತಂತೆ ಇದು.

ಇದಕ್ಕೆ ಮುಖ್ಯ ಕಾರಣ ಯೋಜನೆಯ ಕೊರತೆಗಿಂತ ಮಾಹಿತಿಯ ಕೊರತೆ. ಸವಲತ್ತು ದೊರೆಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆಸ್ಪತ್ರೆಯ ಬಾಗಿಲಿಗೆ ಹೋಗುವ ತಿಂಗಳುಗಳ ಮೊದಲೇ, ಮಾಲೀಕರ ಹಾಜರಿ ಪುಸ್ತಕ ಮತ್ತು ಸಂಬಳ ಪಟ್ಟಿಗಳಲ್ಲಿ ನಿರ್ಧಾರವಾಗಿರುತ್ತದೆ. ಈ ಅಂಶವನ್ನು ಸದಸ್ಯ ಬಾಂಧವರಿಗೆ ಉದಾಹರಣೆ ಸಹಿತ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯಾರಿಗೆ ಅನ್ವಯ?

ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ 1948ರಲ್ಲಿ ಜಾರಿಯಾಯಿತು. ಯೋಜನೆಯು 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ‘ಸಾಮಾಜಿಕ ಭದ್ರತಾ ಸಂಹಿತೆ, 2020’ ಈ ಹಳೆಯ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಯೋಜನೆ ಅನ್ವಯಿಸುತ್ತದೆ. ಅಪಾಯಕಾರಿ ಎಂದು ಕೇಂದ್ರ ಸರ್ಕಾರ ಅಧಿಸೂಚಿಸುವ ಉದ್ಯೋಗಗಳಲ್ಲಿ ಒಬ್ಬನೇ ನೌಕರನಿದ್ದರೂ ಅನ್ವಯಿಸಲು ಸಂಹಿತೆಯಲ್ಲಿ ಅವಕಾಶವಿದೆ. ಹತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಯೂ, ಮಾಲೀಕರು ಮತ್ತು ಬಹುಪಾಲು ನೌಕರರು ಒಪ್ಪಿದಲ್ಲಿ, ಸ್ವಇಚ್ಛೆಯಿಂದ ಸೇರಬಹುದು. ಒಮ್ಮೆ ವ್ಯಾಪ್ತಿಗೆ ಬಂದ ಸಂಸ್ಥೆಯಲ್ಲಿ ಮುಂದೆ ನೌಕರರ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿದರೂ ಹೊಣೆ ತಪ್ಪುವುದಿಲ್ಲ.

ಎಣಿಕೆಯಲ್ಲಿ ಗುತ್ತಿಗೆದಾರರ ಮೂಲಕ ಬಂದ ಕೆಲಸಗಾರರನ್ನು ಬಿಡುವ ಪರಿಪಾಠ ನಮ್ಮಲ್ಲಿದೆ. ಇದು ಸರಿಯಲ್ಲ. ಗುತ್ತಿಗೆ ಕಾರ್ಮಿಕರ ವಂತಿಗೆಯನ್ನು ಪಾವತಿಸುವ ಮೊದಲ ಹೊಣೆ ಪ್ರಧಾನ ಮಾಲೀಕನದೇ. ಬಳಿಕ ಅದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು.

ಸಂಬಳದ ಮಿತಿಯನ್ನು 2017ರ ಜನವರಿ 1ರಿಂದ ತಿಂಗಳಿಗೆ 21,000 ರೂ.ಗಳಿಗೆ, ಅಂಗವಿಕಲ ನೌಕರರಿಗೆ 25,000 ರೂ.ಗಳಿಗೆ ಏರಿಸಲಾಯಿತು. ಇಲ್ಲಿ ಸಂಹಿತೆಯ ‘ವೇತನ’ದ ಹೊಸ ವ್ಯಾಖ್ಯೆಯನ್ನು ಗಮನಿಸಬೇಕು. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಓವರ್‌ಟೈಮ್ ಮುಂತಾದವು ವೇತನದಿಂದ ಹೊರಗುಳಿಯುತ್ತವೆ. ಆದರೆ ಹೀಗೆ ಹೊರಗುಳಿಯುವ ಭಾಗ ಒಟ್ಟು ಸಂಭಾವನೆಯ ಶೇ. 50ನ್ನು ಮೀರಿದರೆ, ಮೀರಿದ ಮೊತ್ತ ಮತ್ತೆ ವೇತನಕ್ಕೆ ಸೇರುತ್ತದೆ. ಉದಾಹರಣೆಗೆ, ಒಟ್ಟು 20,000 ರೂ.ಗಳಲ್ಲಿ ಮೂಲವೇತನ 8,000 ರೂ., ಭತ್ಯೆಗಳು 12,000 ರೂ. ಎಂದು ತೋರಿಸಿದರೆ ವೇತನ 8,000 ಆಗದೆ 10,000 ರೂ. ಆಗುತ್ತದೆ. ಆದ್ದರಿಂದ ಒಟ್ಟು ಸಂಬಳ 21,000 ರೂ. ದಾಟಿದೆ ಎಂಬ ಒಂದೇ ಕಾರಣದಿಂದ ನೌಕರನನ್ನು ಯೋಜನೆಯಿಂದ ಹೊರಗಿಡುವ ಮುನ್ನ ಈ ವ್ಯಾಖ್ಯೆಯಂತೆ ಲೆಕ್ಕ ಹಾಕಿ ನೋಡುವುದು ಅಗತ್ಯ.

ವಂತಿಗೆ ಎಷ್ಟು? ಪ್ರತಿಫಲವೇನು?

2019ರ ಜುಲೈ 1ರಿಂದ ಮಾಲೀಕರ ಪಾಲು ಶೇ. 4.75ರಿಂದ 3.25ಕ್ಕೆ, ನೌಕರರ ಪಾಲು ಶೇ. 1.75ರಿಂದ 0.75ಕ್ಕೆ ಇಳಿದಿದೆ. ತಿಂಗಳಿಗೆ 18,000 ರೂ. ವೇತನ ಪಡೆಯುವ ಒಬ್ಬ ಟರ್ನರ್‌ನ ಉದಾಹರಣೆ ತೆಗೆದುಕೊಳ್ಳೋಣ. ಮಾಲೀಕರ ಪಾಲು 585 ರೂ., ನೌಕರನ ಪಾಲು 135 ರೂ., ಒಟ್ಟು 720 ರೂ. ವರ್ಷಕ್ಕೆ ಇದು 8,640 ರೂ. ಆಗುತ್ತದೆ. ಇದಕ್ಕೆ ಪ್ರತಿಯಾಗಿ ದೊರೆಯುವ ಮುಖ್ಯ ಸವಲತ್ತುಗಳು ಹೀಗಿವೆ.

1. ವೈದ್ಯಕೀಯ ಸವಲತ್ತು: ಕೆಲಸಕ್ಕೆ ಸೇರಿದ ದಿನದಿಂದಲೇ ನೌಕರನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆ. ವೆಚ್ಚಕ್ಕೆ ವೈಯಕ್ತಿಕ ಗರಿಷ್ಠ ಮಿತಿ ಇಲ್ಲ. ಉನ್ನತ ತಜ್ಞ ಚಿಕಿತ್ಸೆಗೆ ಮಾತ್ರ ಸೇವಾವಧಿ ಮತ್ತು ವಂತಿಗೆಯ ಷರತ್ತುಗಳಿವೆ.

2. ಅನಾರೋಗ್ಯ ಸವಲತ್ತು: ವೈದ್ಯರು ರಜೆ ಪ್ರಮಾಣೀಕರಿಸಿದ ದಿನಗಳಿಗೆ ಸರಾಸರಿ ದಿನ ವೇತನದ ಶೇ. 70, ವರ್ಷಕ್ಕೆ ಗರಿಷ್ಠ 91 ದಿನ. ಮೇಲಿನ ಟರ್ನರ್‌ನ ಸರಾಸರಿ ದಿನ ವೇತನ 600 ರೂ. ಎಂದಾದರೆ ದಿನಕ್ಕೆ 420 ರೂ., 91 ದಿನಗಳಿಗೆ 38,220 ರೂ. ಕ್ಷಯ, ಕ್ಯಾನ್ಸರ್ ಮೊದಲಾದ 34 ದೀರ್ಘಕಾಲದ ರೋಗಗಳಿಗೆ, ನಿಗದಿತ ಷರತ್ತುಗಳಿಗೆ ಒಳಪಟ್ಟು, ಶೇ. 80ರ ದರದಲ್ಲಿ ಎರಡು ವರ್ಷಗಳವರೆಗೂ ವಿಸ್ತರಣೆ ದೊರೆಯಬಹುದು.

3. ಅಂಗವೈಕಲ್ಯ ಸವಲತ್ತು: ಕೆಲಸದ ನಿಮಿತ್ತ ಉಂಟಾದ ಗಾಯದಿಂದ ದುಡಿಯಲಾಗದಿರುವಷ್ಟು ಕಾಲ ಸರಾಸರಿ ವೇತನದ ಶೇ. 90. ನಮ್ಮ ಉದಾಹರಣೆಯಲ್ಲಿ ದಿನಕ್ಕೆ 540 ರೂ. ಇದಕ್ಕೆ ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಸೇರಿದ ಮೊದಲ ದಿನ ಅಪಘಾತವಾದರೂ ಅನ್ವಯ. ಕೆಲಸಕ್ಕೆ ಬರುವ ಹೋಗುವ ದಾರಿಯ ಅಪಘಾತವೂ, ಕೆಲಸದೊಡನೆ ಅದರ ಸಂಬಂಧ ಸಾಬೀತಾದಲ್ಲಿ, ಇದರಲ್ಲಿ ಸೇರುತ್ತದೆ.

4. ಹೆರಿಗೆ ಸವಲತ್ತು: ಮೊದಲ ಎರಡು ಮಕ್ಕಳಿಗೆ 26 ವಾರ ಪೂರ್ಣ ವೇತನದ ದರದಲ್ಲಿ. ಇದನ್ನು ಕೊಡುವುದು ನಿಗಮ. ಮಾಲೀಕರ ಮೇಲೆ ಈ ಭಾರ ಬೀಳುವುದಿಲ್ಲ.

5. ಅವಲಂಬಿತರ ಸವಲತ್ತು: ಕೆಲಸದ ಗಾಯದಿಂದ ನೌಕರ ಮೃತನಾದರೆ ಅವನ ವೇತನದ ಶೇ. 90ರ ದರದಲ್ಲಿ ಕುಟುಂಬಕ್ಕೆ ತಿಂಗಳ ಪಾವತಿ.

ಮಾಲೀಕರಿಗೂ ಇದರಲ್ಲಿ ನೇರ ಲಾಭವಿದೆ. ಇ.ಎಸ್.ಐ. ವ್ಯಾಪ್ತಿಯಲ್ಲಿರುವ ನೌಕರನ ಕೆಲಸದ ಗಾಯಕ್ಕೆ ನೌಕರರ ನಷ್ಟ ಪರಿಹಾರದ ಕಾನೂನಿನಡಿ ಮಾಲೀಕರು ಪ್ರತ್ಯೇಕ ಪರಿಹಾರ ಕೊಡಬೇಕಾಗಿಲ್ಲ. ಫೌಂಡ್ರಿ, ಪ್ರೆಸ್ ಶಾಪ್, ಗಿರಣಿಗಳನ್ನು ನಡೆಸುವವರಿಗೆ ಈ ರಕ್ಷಣೆಯ ಬೆಲೆ ಎಷ್ಟೆಂದು ವಿವರಿಸಬೇಕಾಗಿಲ್ಲ.

ಎರಡು ಅವಧಿಗಳ ಲೆಕ್ಕ

ಅನಾರೋಗ್ಯ ಮತ್ತು ಹೆರಿಗೆಯ ನಗದು ಸವಲತ್ತುಗಳಿಗೆ ಅರ್ಹತೆ ವಂತಿಗೆ ಅವಧಿಯಿಂದ ನಿರ್ಣಯವಾಗುತ್ತದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗಿನ ವಂತಿಗೆಯು ಮುಂದಿನ ಜನವರಿ 1ರಿಂದ ಜೂನ್ 30ರವರೆಗಿನ ಸವಲತ್ತಿಗೆ ಆಧಾರ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗಿನ ವಂತಿಗೆಯು ಮುಂದಿನ ಜುಲೈ 1ರಿಂದ ಡಿಸೆಂಬರ್ 31ರವರೆಗಿನ ಸವಲತ್ತಿಗೆ ಆಧಾರ. ಅನಾರೋಗ್ಯ ಸವಲತ್ತಿಗೆ ಸಂಬಂಧಪಟ್ಟ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು. ಹೆರಿಗೆ ಸವಲತ್ತಿಗೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನ. ಹೊಸದಾಗಿ ಸೇರಿದವರಿಗೆ ಮೊದಲ ಅವಧಿಯಲ್ಲಿ ಕೊಂಚ ಸಡಿಲಿಕೆ ಇದೆ.

ಅಂದರೆ, ಫೆಬ್ರವರಿಯಲ್ಲಿ ಕಾಮಾಲೆಯಿಂದ ಮಲಗಿದ ನೌಕರನಿಗೆ ವೇತನದ ಶೇ. 70 ದೊರೆಯಬೇಕೋ ಬೇಡವೋ ಎಂಬುದನ್ನು ಹಿಂದಿನ ಬೇಸಿಗೆ ಮತ್ತು ಮಳೆಗಾಲದಲ್ಲಿ ನಮ್ಮ ಗುಮಾಸ್ತರು ತುಂಬಿದ ಹಾಜರಿಯ ಅಂಕಣ ಹೇಳುತ್ತದೆ. ಕಾಯಿಲೆ ಬಂದ ಮೇಲೆ ಅದನ್ನು ತಿದ್ದಲು ಹೊರಡುವುದು ಬಾಯಾರಿಕೆಯಾದಾಗ ಬಾವಿ ತೋಡಿದಂತೆ.

ಸವಲತ್ತು ಕೈತಪ್ಪುವ ಸ್ಥಳಗಳು

ಮೊದಲನೆಯದು, ದಿನಗಳನ್ನು ಕಡಿಮೆ ತೋರಿಸುವುದು. ತುಂಡು ಕೆಲಸದವರಿಗೆ ಕೊಟ್ಟ ಮೊತ್ತವನ್ನು ಕನಿಷ್ಠ ಕೂಲಿಯಿಂದ ಭಾಗಿಸಿ ‘ತಿಂಗಳಿಗೆ 12 ದಿನ’ ಎಂದು ಬರೆಯುವ ಪದ್ಧತಿ ಕೆಲವೆಡೆ ಇದೆ. ಆರು ತಿಂಗಳಿಗೆ 72 ದಿನವಾಯಿತು. ಬೇಕಾದದ್ದು 78. ವಾಸ್ತವದಲ್ಲಿ ಪ್ರತಿದಿನ ದುಡಿದ ಆ ನೌಕರ, ವಂತಿಗೆ ಕಟ್ಟಿಯೂ, ಆರು ದಿನಗಳ ಕೊರತೆಯಿಂದ ಅನಾರೋಗ್ಯ ಸವಲತ್ತಿಗೆ ಅನರ್ಹನಾಗುತ್ತಾನೆ.

ಎರಡನೆಯದು, ವೇತನವನ್ನು ಕಡಿಮೆ ತೋರಿಸುವುದು. ನಗದು ಸವಲತ್ತುಗಳೆಲ್ಲವೂ ದಾಖಲಾದ ವೇತನದ ಮೇಲೆಯೇ ಲೆಕ್ಕವಾಗುತ್ತವೆ. 18,000 ರೂ. ವೇತನವನ್ನು 12,000 ಎಂದು ತೋರಿಸಿದರೆ ಮಾಲೀಕರಿಗೆ ತಿಂಗಳಿಗೆ ಉಳಿಯುವುದು 195 ರೂ. ಆದರೆ ಬೆರಳು ಕಳೆದುಕೊಂಡ ನೌಕರನಿಗೆ ದಿನಕ್ಕೆ 540 ರೂ. ಬದಲು 360 ರೂ. ದೊರೆಯುತ್ತದೆ. ಸರಿಯಾದ ವಂತಿಗೆ ಕಟ್ಟದ ಕಾರಣ ಸವಲತ್ತಿಗೆ ಧಕ್ಕೆಯಾದರೆ, ನಿಗಮವು ನೌಕರನಿಗೆ ಸವಲತ್ತು ಕೊಟ್ಟು ಅದರ ಹೊರೆಯನ್ನು ಮಾಲೀಕರಿಂದ ವಸೂಲು ಮಾಡುವ ಅಧಿಕಾರವನ್ನೂ ಕಾನೂನು ನೀಡಿದೆ.

ಮೂರನೆಯದು, ನೋಂದಣಿಯ ವಿಳಂಬ. ‘ಹುಡುಗ ಎರಡು ತಿಂಗಳು ನಿಲ್ಲುವನೋ ನೋಡೋಣ, ಆಮೇಲೆ ಹೆಸರು ಸೇರಿಸೋಣ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಕೆಲಸ ಕಲಿಯದ ಆ ಮೊದಲ ದಿನಗಳೇ ಯಂತ್ರದ ಬಳಿ ಹೆಚ್ಚು ಅಪಾಯದ ದಿನಗಳು. ಅಪಘಾತದ ದಿನ ಸಂಜೆ ಆತುರದಿಂದ ಮಾಡಿದ ನೋಂದಣಿ ವಿಚಾರಣೆಗೆ ಎಡೆಮಾಡಿಕೊಡುತ್ತದೆ.

ನಾಲ್ಕನೆಯದು, ಕುಟುಂಬದ ವಿವರ ಬಿಟ್ಟುಹೋಗುವುದು. ನೋಂದಣಿಯ ವೇಳೆ ಅವಿವಾಹಿತನಾಗಿದ್ದ ನೌಕರನಿಗೆ ಈಗ ಹೆಂಡತಿ, ಮಗು ಇರಬಹುದು. ದಾಖಲೆಯಲ್ಲಿ ಅವರ ಹೆಸರೇ ಇರುವುದಿಲ್ಲ. ಅವಲಂಬಿತ ತಂದೆ ತಾಯಿಯರನ್ನು ಸೇರಿಸಬಹುದೆಂಬುದು ಅನೇಕರಿಗೆ ತಿಳಿದಿಲ್ಲ. ಹೊಸ ಸಂಹಿತೆಯು ಮಹಿಳಾ ನೌಕರರ ಅವಲಂಬಿತ ಅತ್ತೆ ಮಾವಂದಿರನ್ನೂ, ನಿಗದಿತ ಆದಾಯ ಮಿತಿಗೆ ಒಳಪಟ್ಟು, ಕುಟುಂಬದ ವ್ಯಾಖ್ಯೆಯಲ್ಲಿ ಸೇರಿಸಿದೆ. ಹೆಸರು ಸೇರಿಸಿ ‘ಪೆಹಚಾನ್’ ಕಾರ್ಡನ್ನು ಮುದ್ರಿಸಿ ನೌಕರನ ಮನೆಗೆ ತಲುಪಿಸಬೇಕು. ಕಾರ್ಡು ಕಾರ್ಖಾನೆಯ ಬೀರುವಿನಲ್ಲಿದ್ದರೆ ನಡುರಾತ್ರಿಯ ಹೆರಿಗೆ ನೋವಿಗೆ ಅದು ಒದಗುವುದಿಲ್ಲ.

ಐದನೆಯದು, ಮಿತಿ ದಾಟಿದ ಕೂಡಲೇ ಹೆಸರು ತೆಗೆಯುವುದು. ಏಪ್ರಿಲ್‌ನಲ್ಲಿ 20,500 ರೂ. ಇದ್ದ ವೇತನ ಜೂನ್‌ನಲ್ಲಿ 22,000 ರೂ. ಆದರೆ, ಸೆಪ್ಟೆಂಬರ್ 30ರವರೆಗೆ 22,000 ರೂ. ಮೇಲೆಯೇ ವಂತಿಗೆ ಕಟ್ಟಬೇಕು. ಅದಕ್ಕೆ ಪ್ರತಿಯಾಗಿ ಮುಂದಿನ ವರ್ಷದ ಜೂನ್ 30ರವರೆಗೂ ಆ ನೌಕರನಿಗೆ ಸವಲತ್ತು ಮುಂದುವರಿಯುತ್ತದೆ. ‘ನಿನ್ನ ಹೆಸರು ತೆಗೆದಾಯಿತು’ ಎಂಬ ಮಾತು ನಂಬಿ ಖಾಸಗಿ ಆಸ್ಪತ್ರೆಗೆ ಸಾಲ ಮಾಡಿದ ನೌಕರನಿಗೆ ಆ ಹಣ ಅನಾವಶ್ಯಕ ಹೊರೆ.

ಇನ್ನು ಇ.ಎಸ್.ಐ. ಆಸ್ಪತ್ರೆಗಳ ಬಗ್ಗೆ ನಮ್ಮ ಜನರಲ್ಲಿ ಅಸಮಾಧಾನವಿರುವುದು ನಿಜ. ಸರದಿ ದೀರ್ಘ, ಔಷಧ ಒಮ್ಮೊಮ್ಮೆ ಲಭ್ಯವಿರುವುದಿಲ್ಲ, ದೂರದ ತಾಲ್ಲೂಕುಗಳಿಗೆ ಡಿಸ್ಪೆನ್ಸರಿ ಹತ್ತಿರವಿಲ್ಲ. ಆದರೂ ಬೆಂಗಳೂರಿನ ರಾಜಾಜಿನಗರ ಮತ್ತು ಕಲಬುರಗಿಯಲ್ಲಿ ನಿಗಮವೇ ವೈದ್ಯಕೀಯ ಕಾಲೇಜು ಆಸ್ಪತ್ರೆಗಳನ್ನು ನಡೆಸುತ್ತಿದೆ. ಪೀಣ್ಯ, ಮೈಸೂರು, ಹುಬ್ಬಳ್ಳಿ, ದಾವಣಗೆರೆ, ಮಂಗಳೂರುಗಳಲ್ಲಿ ಇ.ಎಸ್.ಐ. ಆಸ್ಪತ್ರೆಗಳಿವೆ. ಅಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಒಪ್ಪಂದ ಮಾಡಿಕೊಂಡ ಖಾಸಗಿ ಆಸ್ಪತ್ರೆಗಳಿಗೆ ಶಿಫಾರಸು ಪತ್ರದ ಮೂಲಕ ಕಳಿಸಲಾಗುತ್ತದೆ. ತುರ್ತು ಸಂದರ್ಭವನ್ನು ಬಿಟ್ಟರೆ, ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿ ಬಳಿಕ ಹಣ ಕೇಳುವುದು ಕಷ್ಟ ಎಂಬುದನ್ನು ನೌಕರರಿಗೆ ಮೊದಲೇ ತಿಳಿಸಬೇಕು.

ಮಿತಿ ದಾಟಿದವರಿಗೆ ಗುಂಪು ವಿಮೆ

ಲೆಕ್ಕಿಗರು, ಮೇಲ್ವಿಚಾರಕರು, ಮಾರಾಟ ಪ್ರತಿನಿಧಿಗಳು ಮುಂತಾಗಿ ಇ.ಎಸ್.ಐ. ಮಿತಿಯನ್ನು ದಾಟಿದವರಿಗೆ ಗುಂಪು ಮೆಡಿಕ್ಲೇಮ್ ಪಾಲಿಸಿ ಸೂಕ್ತ ಮಾರ್ಗ. ಇಂತಹ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೂ ಮೊದಲ ದಿನದಿಂದ ರಕ್ಷಣೆ ಪಡೆಯುವಂತೆ ಷರತ್ತು ಹಾಕಿಸಿಕೊಳ್ಳಬಹುದು. ವೈಯಕ್ತಿಕ ಪಾಲಿಸಿಯಲ್ಲಿ ಇದಕ್ಕೆ ಗರಿಷ್ಠ 36 ತಿಂಗಳವರೆಗೆ ಕಾಯಬೇಕಾಗಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯ ನೌಕರರಿಗೆ ಇದು ದೊಡ್ಡ ಅನುಕೂಲ.

ಪಾಲಿಸಿ ಕೊಳ್ಳುವಾಗ ನಮ್ಮವರು ನೋಡುವುದು ಎರಡೇ ಅಂಕಿ: ವಿಮಾ ಮೊತ್ತ ಮತ್ತು ಪ್ರೀಮಿಯಂ. ನೋಡದೆ ಬಿಡುವುದು ಕೊಠಡಿ ಬಾಡಿಗೆಯ ಮಿತಿ. ವಿಮಾ ಮೊತ್ತ 3 ಲಕ್ಷ ರೂ., ಕೊಠಡಿ ಮಿತಿ ಅದರ ಶೇ. 1, ಅಂದರೆ ದಿನಕ್ಕೆ 3,000 ರೂ. ಎಂದಿರಲಿ. ನೌಕರನು 6,000 ರೂ. ಬಾಡಿಗೆಯ ಕೊಠಡಿಯಲ್ಲಿ ಐದು ದಿನ ಇದ್ದನೆಂದು ಭಾವಿಸೋಣ. ಬಾಡಿಗೆ 30,000 ರೂ., ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ ಮುಂತಾದ ವೆಚ್ಚ 90,000 ರೂ., ಔಷಧ ಮತ್ತು ಪರೀಕ್ಷೆಗಳು 40,000 ರೂ., ಒಟ್ಟು 1,60,000 ರೂ. ಇದೆಲ್ಲವೂ 3 ಲಕ್ಷದೊಳಗೇ ಇದೆಯಲ್ಲ ಎಂದು ನೌಕರ ನಿಶ್ಚಿಂತೆಯಿಂದ ಇರುತ್ತಾನೆ. ಆದರೆ ಪಾಲಿಸಿಯಲ್ಲಿ ಪ್ರಮಾಣಾನುಸಾರ ಕಡಿತದ ಷರತ್ತಿದ್ದರೆ, ಮಿತಿಯ ಎರಡರಷ್ಟು ಬಾಡಿಗೆಯ ಕೊಠಡಿ ಪಡೆದ ಕಾರಣ ಬಾಡಿಗೆಯೂ ಅದಕ್ಕೆ ಹೊಂದಿದ ವೆಚ್ಚಗಳೂ ಅರ್ಧಕ್ಕೆ ಇಳಿಯುತ್ತವೆ. ದೊರೆಯುವುದು 15,000 + 45,000 + 40,000 = 1,00,000 ರೂ. ನೌಕರನು ಕೈಯಿಂದ ತೆರಬೇಕಾದದ್ದು 60,000 ರೂ. ಕೊಠಡಿ ಆರಿಸುವ ಮುನ್ನ ಈ ಒಂದು ಮಾತು ತಿಳಿದಿದ್ದರೆ ಆ ಹಣ ಉಳಿಯುತ್ತಿತ್ತು.

ಜೊತೆಗೆ ಹೆರಿಗೆ ವೆಚ್ಚ ಸೇರಿದೆಯೇ, ನೌಕರ ಭರಿಸಬೇಕಾದ ಪಾಲು ಎಷ್ಟು, ನಮ್ಮ ಊರಿನ ಯಾವ ಆಸ್ಪತ್ರೆಗಳಲ್ಲಿ ನಗದುರಹಿತ ಸೌಲಭ್ಯವಿದೆ ಎಂಬುದನ್ನು ಲಿಖಿತವಾಗಿ ಪಡೆಯಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ 29ರ ಸುತ್ತೋಲೆಯಂತೆ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ವಿಮಾ ಕಂಪನಿ ಒಂದು ಗಂಟೆಯೊಳಗೆ, ಬಿಡುಗಡೆಯ ವೇಳೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು. ಕ್ಲೇಮನ್ನು ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು, ಪರಿಹಾರ ದೊರೆಯದಿದ್ದಲ್ಲಿ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ಮೊರೆಹೋಗಬಹುದು.

ಮೆಡಿಕ್ಲೇಮ್ ಇದ್ದರೆ ಸಾಕು, ಬೇರೇನೂ ಬೇಡ ಎಂಬ ಎಣಿಕೆಯೂ ಸಲ್ಲದು. ಅದು ಆಸ್ಪತ್ರೆಯ ವೆಚ್ಚಕ್ಕೆ ಮಾತ್ರ. ಇ.ಎಸ್.ಐ. ವ್ಯಾಪ್ತಿಯ ಹೊರಗಿರುವ ನೌಕರನಿಗೆ ಕೆಲಸದ ವೇಳೆ ಗಾಯವಾದರೆ ಅಥವಾ ಸಾವು ಸಂಭವಿಸಿದರೆ ನಷ್ಟ ಪರಿಹಾರದ ಹೊಣೆ ಮಾಲೀಕರ ಮೇಲಿರುತ್ತದೆ. ಅದಕ್ಕೆ ಪ್ರತ್ಯೇಕ ಪಾಲಿಸಿ ಬೇಕು. ಹಾಗೆಯೇ ಇ.ಎಸ್.ಐ. ಅನ್ವಯಿಸುವ ನೌಕರರಿಗೆ ಮೆಡಿಕ್ಲೇಮ್ ಕೊಡಿಸಿದ ಮಾತ್ರಕ್ಕೆ ಇ.ಎಸ್.ಐ. ಹೊಣೆ ತಪ್ಪುವುದಿಲ್ಲ.

ತೆರಿಗೆಯ ದೃಷ್ಟಿಯಿಂದ

1961ರ ಆದಾಯ ತೆರಿಗೆ ಕಾಯ್ದೆಯ 36(1)(ಐಬಿ) ಕಲಮಿನಡಿ ನೌಕರರ ಆರೋಗ್ಯ ವಿಮೆಯ ಪ್ರೀಮಿಯಂ ವ್ಯಾಪಾರದ ವೆಚ್ಚವಾಗಿ ಮಾನ್ಯ. ಆದರೆ ನಗದಾಗಿ ಕಟ್ಟಿರಬಾರದು. ನೌಕರನ ಕೈಯಲ್ಲಿ ಈ ಪ್ರೀಮಿಯಂ ತೆರಿಗೆಗೆ ಒಳಪಡುವ ಸವಲತ್ತಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಅನ್ವಯಿಸುವುದರಿಂದ ಆ ಬಳಿಕದ ಅವಧಿಗೆ ಹೊಸ ಕಲಂ ಸಂಖ್ಯೆಗಳನ್ನು ಉಲ್ಲೇಖಿಸಬೇಕು.

ನೌಕರರ ಸಂಬಳದಿಂದ ಕಡಿತ ಮಾಡಿದ ಇ.ಎಸ್.ಐ. ಪಾಲಿನ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಚೆಕ್‌ಮೇಟ್ ಸರ್ವೀಸಸ್ ಪ್ರಕರಣದಲ್ಲಿ 2022ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ, 1961ರ ಕಾಯ್ದೆ ಅನ್ವಯಿಸುವ ವರ್ಷಗಳಲ್ಲಿ, ಈ ಹಣವನ್ನು ಇ.ಎಸ್.ಐ. ಕಾನೂನಿನ ಗಡುವಿನೊಳಗೆ ಕಟ್ಟದಿದ್ದರೆ ಅದು ಮಾಲೀಕರ ಆದಾಯವಾಗಿಯೇ ಉಳಿಯುತ್ತದೆ. ಒಂದು ದಿನ ತಡವಾದರೂ ಕಡಿತ ದೊರೆಯುವುದಿಲ್ಲ. ಇದರ ಜೊತೆಗೆ ತಡವಾದ ವಂತಿಗೆಗೆ ವಾರ್ಷಿಕ ಶೇ. 12 ಬಡ್ಡಿಯೂ ದಂಡವೂ ಬೀಳುತ್ತದೆ.

ಜಿ.ಎಸ್.ಟಿ. ವಿಷಯದಲ್ಲಿ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ವಿನಾಯಿತಿ ದೊರೆತಿದ್ದರೂ ಗುಂಪು ಪಾಲಿಸಿಗಳಿಗೆ ಆ ವಿನಾಯಿತಿಯನ್ನು ಕೊಡಲಿಲ್ಲ. ಅಲ್ಲದೆ ಯಾವುದೇ ಕಾನೂನಿನಡಿ ಕಡ್ಡಾಯವಾಗಿದ್ದ ಹೊರತು ಈ ತೆರಿಗೆಯ ಹೂಡುವಳಿ ಜಮೆಯನ್ನು ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5) ಕಲಂ ನಿರ್ಬಂಧಿಸುತ್ತದೆ. ಆದ್ದರಿಂದ ಪ್ರೀಮಿಯಂ 1,00,000 ರೂ. ಎಂದರೆ ಶೇ. 18ರ ತೆರಿಗೆ ಸೇರಿ 1,18,000 ರೂ. ವೆಚ್ಚ ಎಂದೇ ಅಂದಾಜಿಸಬೇಕು.

ಪಾಲಿಸಬೇಕಾದ ಕ್ರಮ

1. ಹೊಸ ನೌಕರನ ನೋಂದಣಿಯನ್ನು ಕೆಲಸಕ್ಕೆ ಸೇರಿದ ದಿನವೇ ಮಾಡಿಸಿರಿ.
2. ವರ್ಷಕ್ಕೆರಡು ಬಾರಿ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಚಲನ್ ಕಟ್ಟುವ ಮುನ್ನ, ಪ್ರತಿ ನೌಕರನ ಆರು ತಿಂಗಳ ದಿನಗಳನ್ನು ಹಾಜರಿ ಪುಸ್ತಕದೊಡನೆ ತಾಳೆ ನೋಡಿರಿ.
3. ಅದೇ ವೇಳೆ ಮದುವೆ, ಹೆರಿಗೆ ಮುಂತಾದ ಬದಲಾವಣೆಗಳನ್ನು ಕೇಳಿ ಕುಟುಂಬದ ವಿವರ, ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಸರಿಪಡಿಸಿರಿ.
4. ಅಪಘಾತವಾದರೆ, ಗಾಯ ಸಣ್ಣದೆಂದು ಕಂಡರೂ, ಅಪಘಾತ ಪುಸ್ತಕದಲ್ಲಿ ದಾಖಲಿಸಿ ವರದಿಯನ್ನು ತಡಮಾಡದೆ ಸಲ್ಲಿಸಿರಿ.
5. ಹತ್ತಿರದ ಡಿಸ್ಪೆನ್ಸರಿಯ ವಿಳಾಸ, ಶಿಫಾರಸಿನ ಕ್ರಮ, ಮೆಡಿಕ್ಲೇಮ್ ಕೊಠಡಿ ಮಿತಿ ಇವುಗಳನ್ನು ಕನ್ನಡದಲ್ಲಿ ಬರೆಸಿ ಸೂಚನಾ ಫಲಕಕ್ಕೆ ಹಚ್ಚಿರಿ. ಹೊರರಾಜ್ಯದ ಕಾರ್ಮಿಕರಿದ್ದರೆ ಅವರ ಭಾಷೆಯಲ್ಲೂ ಇರಲಿ.
6. ನಿವೃತ್ತರಾಗುವವರಿಗೆ ತಿಳಿಸಿರಿ: ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದವರು ವರ್ಷಕ್ಕೆ 120 ರೂ. ಕಟ್ಟಿ ತಮಗೂ ಬಾಳಸಂಗಾತಿಗೂ ಇ.ಎಸ್.ಐ. ಚಿಕಿತ್ಸೆಯನ್ನು ಮುಂದುವರಿಸಿಕೊಳ್ಳಬಹುದು. ಗುಂಪು ಪಾಲಿಸಿಯಿಂದ ಹೊರಹೋಗುವವರು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬಹುದು.

ಮೇಲಿನ ಕ್ರಮಗಳಲ್ಲಿ ಯಾವುದಕ್ಕೂ ಹೆಚ್ಚಿನ ಬಂಡವಾಳ ಬೇಕಿಲ್ಲ. ಗುಮಾಸ್ತರ ಕೆಲವು ಗಂಟೆಗಳ ಶ್ರಮ ಸಾಕು. ನುರಿತ ಕೆಲಸಗಾರ ಸಿಗುವುದೇ ದುರ್ಲಭವಾಗಿರುವ ಈ ದಿನಗಳಲ್ಲಿ, ಕಾಯಿಲೆಯ ಸಾಲದಿಂದ ಪಾರಾದ ನೌಕರ ಬೇರೆಡೆ ಮುಂಗಡ ಹುಡುಕಿಕೊಂಡು ಹೋಗುವುದು ಕಡಿಮೆ ಎಂಬುದು ಅನುಭವಿ ಉದ್ಯಮಿಗಳಿಗೆ ತಿಳಿದ ಸಂಗತಿ. ವಂತಿಗೆಯನ್ನು ಹೇಗಿದ್ದರೂ ಕಟ್ಟಲೇಬೇಕು. ಕಟ್ಟಿದ ಹಣ ಹಕ್ಕುದಾರನಿಗೆ ತಲುಪುವಂತೆ ದಾಖಲೆಗಳನ್ನು ಸರಿಯಾಗಿಡುವುದು ನಮ್ಮ ಕೈಯಲ್ಲಿದೆ. ಸದಸ್ಯ ಬಾಂಧವರು ಮುಂದಿನ ಚಲನ್ ಸಿದ್ಧಪಡಿಸುವ ಮುನ್ನ ತಮ್ಮ ನೌಕರರ ಪಟ್ಟಿಯನ್ನು ಈ ದೃಷ್ಟಿಯಿಂದ ಒಮ್ಮೆ ಪರಿಶೀಲಿಸಬೇಕೆಂದು ಕೋರುತ್ತೇನೆ.